ಕಡಲು ಸೇರದ ಹೊಳೆಗಳು

ಮರವಂತೆಯ ಸುತ್ತಿನಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡದೆಯೇ ಬಂದುಬಿಡುವ ಒಂದು ನಂಬಿಕೆ ಇದೆ: ನೀರು ಅಂದಮೇಲೆ ಅದು ಕಡಲಿಗೇ ಹೋಗಬೇಕು. ಎಷ್ಟು ಸುತ್ತಿದರೂ ಸರಿ, ಎಷ್ಟು ತಡವಾದರೂ ಸರಿ. ಕೊಡಚಾದ್ರಿಯ ಮಗ್ಗುಲಲ್ಲಿ ಹುಟ್ಟಿ ಕೊಲ್ಲೂರನ್ನು ಹಾದು ಬರುವ ಸೌಪರ್ಣಿಕಾ ಇಲ್ಲಿ ಕಡಲಿನ ಹೊಸ್ತಿಲ ತನಕ ಬರುತ್ತದೆ. ಹೊಳೆಗೂ ಕಡಲಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66, ಅದರ ಆಚೀಚೆ ಒಂದಿಷ್ಟು ಮರಳು, ಕಡಲ್ಕೊರೆತಕ್ಕೆ ಒಡ್ಡಿದ ಬಂಡೆಗಲ್ಲುಗಳು, ಅಷ್ಟೇ. ಆದರೂ ಅಲ್ಲಿ ಕೂಡುವುದಿಲ್ಲ. ದಕ್ಷಿಣಕ್ಕೆ ಹೊರಳಿ, ಇನ್ನೂ ಸುಮಾರು 10 ಕಿಲೋಮೀಟರು ಕಡಲಿನ ಸದ್ದು ಕೇಳಿಸಿಕೊಳ್ಳುತ್ತಲೇ ಹರಿದು, ಚಕ್ರಾ, ವಾರಾಹಿ ಮೊದಲಾದ ಹೊಳೆಗಳ ಜತೆ ಗಂಗೊಳ್ಳಿಯ ಅಳಿವೆಯಲ್ಲಿ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುತ್ತದೆ. ಆಸಾಡಿ ಅಮಾವಾಸ್ಯೆಯಂದು ಮಾರಸ್ವಾಮಿ ಜಾತ್ರೆಗೆ ಬರುವವರು, ಅದರಲ್ಲೂ ಹೊಸದಾಗಿ ಮದುವೆಯಾದವರು, ಕಡಲಲ್ಲೂ ಮೀಯುತ್ತಾರೆ, ಹೊಳೆಯಲ್ಲೂ ಮೀಯುತ್ತಾರೆ. ರಸ್ತೆ ದಾಟುವಷ್ಟರಲ್ಲಿ ನೀರು ಬೇರೆಯಾಗುವ ಊರು ಇದು.

ಪ್ರವಾಸಿಗರು ಈ ತಿರುವಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನನ್ನನ್ನು ಈಚೆಗೆ ಬೇರೆಯೇ ಒಂದು ಯೋಚನೆ ಹಿಡಿದಿದೆ. ಇಲ್ಲಿ ತಿರುಗಿದ ಹೊಳೆ ಮುಂದೆ ಕಡಲನ್ನು ಸೇರದೆಯೇ ಹೋಗಿದ್ದರೆ? ಹೊರದಾರಿಯಿಲ್ಲದ ಕುಳಿಯೊಂದರಲ್ಲಿ ನಿಂತು, ಬೇಸಗೆಗೆ ಆರಿ, ಮಳೆಗೆ ತುಂಬಿ, ಹೀಗೇ ಲಕ್ಷಗಟ್ಟಲೆ ವರ್ಷ ಕಳೆದಿದ್ದರೆ, ಬೆಟ್ಟದಿಂದ ಹೊತ್ತು ತಂದದ್ದೆಲ್ಲ ಎಲ್ಲಿ ಉಳಿಯುತ್ತಿತ್ತು? ನೀರಿನಲ್ಲೋ, ಹೂಳಿನಲ್ಲೋ?

ಈ ಪ್ರಶ್ನೆ ಹುಟ್ಟಿಸಿದ್ದು ಬ್ಯಾಟರಿಗಳಲ್ಲಿ ಬಳಸುವ ಲಿಥಿಯಂ. 2020ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮರ್ಲಗಾಲ–ಅಲ್ಲಾಪಟ್ಟಣ ಆಸುಪಾಸಿನಲ್ಲಿ 14,100 ಟನ್ ಲಿಥಿಯಂ ಇದೆಯೆಂದು ಪತ್ರಿಕೆಗಳಲ್ಲಿ ಬಂತು. ಬಿಳಿ ಬಂಗಾರ ಎಂಬ ಮಾತು ಆಗಿನಿಂದ ಕನ್ನಡದಲ್ಲೂ ಓಡಾಡತೊಡಗಿತು. ಒಂದು ವರ್ಷ ಕಳೆಯುವುದರೊಳಗೆ, 2021ರ ಫೆಬ್ರವರಿಯಲ್ಲಿ, ಸಂಸತ್ತಿಗೆ ಸರಕಾರ ಕೊಟ್ಟ ಉತ್ತರದಲ್ಲಿ ಅದು 1,600 ಟನ್‌ಗೆ ಇಳಿದಿತ್ತು. ಅದೂ ಅಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಅಂದಾಜು. ಸಂಖ್ಯೆ ಕುಗ್ಗಿದ್ದಕ್ಕಿಂತ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಮಂಡ್ಯದಲ್ಲಿ ಲಿಥಿಯಂ ಇರುವುದು ನಾಗಮಂಗಲ ಶಿಸ್ಟ್ ಪಟ್ಟಿಯ ಗಟ್ಟಿ ಕಲ್ಲಿನಲ್ಲಿ, ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯಲ್ಲಿ. ಆದರೆ ಇಲಾಖೆ ರಾಜಸ್ಥಾನದ ಸಾಂಭರ್ ಮತ್ತು ಪಚ್‌ಪದ್ರಾ, ಗುಜರಾತಿನ ಕಛ್ ರಣ್ ಇವುಗಳ ಉಪ್ಪುನೀರಿನಲ್ಲೂ ಅದನ್ನು ಹುಡುಕಲು ಹೊರಟಿತ್ತು. ಕಲ್ಲಿನಲ್ಲಿರುವ ಲೋಹವನ್ನು ನೀರಿನಲ್ಲಿ ಹುಡುಕುವುದೇ? ಓದುತ್ತ ಹೋದಂತೆ ಇನ್ನೂ ವಿಚಿತ್ರವಾದದ್ದು ಸಿಕ್ಕಿತು. ಜಗತ್ತಿನ ಕೆಲವು ಮರುಭೂಮಿ ಕಣಿವೆಗಳಲ್ಲಿ ತಳದ ಹೂಳಿನ ತುಂಬ ಲಿಥಿಯಂ ಇದೆ, ಅಲ್ಲಿಯ ನೀರಿನಲ್ಲಿ ಮಾತ್ರ ಹೆಸರಿಗೂ ಸಾಲದಷ್ಟು. ಇನ್ನು ಕೆಲವು ಕಡೆ ನೀರೇ ಲಿಥಿಯಂ ಗಣಿ. ಒಂದೇ ಬಗೆಯ ಬಿಸಿಲು, ಒಂದೇ ಬಗೆಯ ಕಣಿವೆ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ?

ಉತ್ತರದ ಮೊದಲ ಎಳೆ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಹೊಳೆಬದಿಯ ಗದ್ದೆಯಲ್ಲಿ. ಬೇಸಗೆಯಲ್ಲಿ ಸೌಪರ್ಣಿಕೆಯ ಹರಿವು ಸೊರಗಿದಾಗ ಭರತದ ನೀರು ಹೊಳೆಯೊಳಗೆ ಹಿಂದಕ್ಕೆ ಏರುತ್ತದೆ. ಅದನ್ನು ತಡೆಯಲೆಂದೇ ಈ ಕಡೆಯ ಹೊಳೆಗಳ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವುದು. ಹಲಗೆ ಸರಿಯಾಗಿ ಕೂರದ ವರ್ಷ ತಗ್ಗಿನ ಗದ್ದೆಗಳಿಗೂ ಬಾವಿಗಳಿಗೂ ಉಪ್ಪು ನುಗ್ಗುತ್ತದೆ. ಮಳೆ ಹಿಡಿದು ಹೊಳೆ ಕೆಂಪಾಗಿ ಹರಿಯುತ್ತಿದ್ದ ಒಂದು ಬೆಳಗ್ಗೆ, ಇನ್ನೂ ನಾಟಿಗೆ ಇಳಿಯದೆ ಕಟ್ಟಪುಣಿಯ ಮೇಲೆ ಕೂತಿದ್ದ ಹಿರಿಯ ರೈತರೊಬ್ಬರನ್ನು ಯಾಕೆಂದು ಕೇಳಿದೆ. "ಹ್ವಾಯ್ ಮಾರಾಯ್ರೆ, ಹೊಳಿ ನೀರ್ ಸೀ ಆಯ್ತ್ ಅಂದ್ಹೇಳಿ ಗೆದ್ದಿ ಸೀ ಆತ್ತಾ? ಕೆಸ್ರ್ ಇನ್ನೂ ಬಿಡ್ಲಿಲ್ಲೆ" ಎಂದರು. ನೀರು ಬದಲಾಗಿದೆ, ಕೆಸರು ಹಿಡಿದದ್ದನ್ನು ಬಿಟ್ಟುಕೊಟ್ಟಿಲ್ಲ. ಉತ್ತರ ದಿಕ್ಕಿನಲ್ಲಿ ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರೂ ಮೊದಲ ಮಳೆಗಳು ಉಪ್ಪನ್ನು ತೊಳೆಯುವ ತನಕ ಕಾದೇ ಬಿತ್ತುತ್ತಾರೆ.

ಇದರ ಹಿಂದಿರುವ ಸಂಗತಿ ಸರಳ. ಜೇಡಿಮಣ್ಣು ಅಂದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳ ಕಟ್ಟು. ಆ ಹಾಳೆಗಳ ಮೈಮೇಲೆ ಒಂದಿಷ್ಟು ಋಣ ವಿದ್ಯುದಂಶ ಇರುತ್ತದೆ; ಉಪ್ಪಿನ ಸೋಡಿಯಂ ಅದಕ್ಕೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಉಪ್ಪು ತಗ್ಗಿದ ಮೇಲೂ ಅಂಟಿದ್ದು ಕೂಡಲೇ ಬಿಡುವುದಿಲ್ಲ. ಆದರೆ ಅದು ಹೊರಮೈಯ ಅಂಟು ಮಾತ್ರ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಅದು ಹೆಚ್ಚು ಕಾಲ ನಿಲ್ಲುವಂಥದ್ದಲ್ಲ. ಮಳೆನೀರು ಬಿಡದೆ ತೊಳೆಯುತ್ತದೆ, ಗದ್ದೆ ಹದಕ್ಕೆ ಬರುತ್ತದೆ.

ಲಿಥಿಯಂ ಇನ್ನೊಂದು ರೀತಿಯಲ್ಲೂ ಸಿಕ್ಕಿಹಾಕಿಕೊಳ್ಳಬಲ್ಲದು. ಮರುಭೂಮಿಯ ಒಗಟೆಲ್ಲ ಇರುವುದು ಇಲ್ಲೇ. 1817ರಲ್ಲಿ ಸ್ವೀಡನ್ನಿನ ಊಟೊ ದ್ವೀಪದ ಪೆಟಲೈಟ್ ಎಂಬ ಖನಿಜದಲ್ಲಿ ಯೊಹಾನ್ ಆರ್ಫ್ವೆಡ್‌ಸನ್ ಗುರುತಿಸಿದ ಈ ಲೋಹ ಸೋಡಿಯಮ್ಮಿನ ಬಳಗದ್ದು. ಆದರೆ ಗಾತ್ರದಲ್ಲಿ ಅದಕ್ಕೆ ಸಾಟಿಯಾಗುವುದು ತನ್ನ ಬಳಗದವರಲ್ಲ, ಮೆಗ್ನೀಸಿಯಂ. ಲಿಥಿಯಂ ಅಯಾನಿನ ತ್ರಿಜ್ಯ 0.76 ಅಂಗ್‌ಸ್ಟ್ರಾಂ, ಮೆಗ್ನೀಸಿಯಮ್ಮಿನದು 0.72. ಹೀಗಾಗಿ ಕೆರೆಯ ತಳದಲ್ಲಿ ಮೆಗ್ನೀಸಿಯಂ ಮತ್ತು ಸಿಲಿಕ ಸೇರಿ ಹೊಸದಾಗಿ ಜೇಡಿ ಕಟ್ಟುವಾಗ, ಹಾಳೆಯ ಒಳಗಡೆ ಮೆಗ್ನೀಸಿಯಂ ಕೂರಬೇಕಾದ ಮನೆಯಲ್ಲಿ ಲಿಥಿಯಂ ಬಂದು ಕೂತುಬಿಡುತ್ತದೆ. ಅಂಟಿಕೊಳ್ಳುವುದಲ್ಲ, ಕಟ್ಟೋಣದ ಭಾಗವೇ ಆಗುವುದು. ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯ ಹೆಕ್ಟರ್ ಎಂಬಲ್ಲಿ ಸಿಕ್ಕ ಇಂಥ ಜೇಡಿಗೆ ಹೆಕ್ಟರೈಟ್ ಎಂದೇ ಹೆಸರು. ಆಮೇಲೆ ಎಷ್ಟು ಸಿಹಿನೀರು ಹರಿಸಿದರೂ ಲಿಥಿಯಂ ಹೊರಬರುವುದಿಲ್ಲ. ಜೇಡಿಯ ಹರಳನ್ನೇ ಒಡೆಯಬೇಕು, ಅದಕ್ಕೆ ಗಂಧಕಾಮ್ಲವೋ ಬೆಂಕಿಯೋ ಬೇಕು.

ಇಷ್ಟು ತಿಳಿದ ಮೇಲೆ ಮರುಭೂಮಿಯ ಕಣಿವೆಯ ಕಥೆಯನ್ನು ಕಟ್ಟಬಹುದು. ಮೊದಲಿಗೆ ಲಿಥಿಯಂ ಸುಲಭವಾಗಿ ಬಿಟ್ಟುಕೊಡುವ ಕಲ್ಲು ಬೇಕು. ಜ್ವಾಲಾಮುಖಿ ಉಗುಳಿದ ರಯೊಲೈಟ್ ಬೂದಿ ಇದಕ್ಕೆ ಹೇಳಿ ಮಾಡಿಸಿದ್ದು: ಅದು ಹರಳುಗಟ್ಟದ ಗಾಜು, ಬಿಸಿನೀರು ತಾಗಿದರೆ ಒಳಗಿನದನ್ನೆಲ್ಲ ಕಕ್ಕುತ್ತದೆ. ಆಮೇಲೆ ಹೊರದಾರಿಯಿಲ್ಲದ ಕುಳಿ, ಬಂದಷ್ಟೂ ನೀರನ್ನು ಹೀರುವ ಬಿಸಿಲು. ಇವೆಲ್ಲ ಕೂಡಿದ ಮೇಲೆ ಕೆರೆಯಲ್ಲಿ ಲಿಥಿಯಂ ಸಾಂದ್ರವಾಗುತ್ತ ಹೋಗುತ್ತದೆ. ಇಲ್ಲಿಗೆ ದಾರಿ ಕವಲೊಡೆಯುತ್ತದೆ. ಕೆರೆ ಕ್ಷಾರೀಯವಾಗಿದ್ದು ಅದರಲ್ಲಿ ಮೆಗ್ನೀಸಿಯಮ್ಮೂ ಸಿಲಿಕವೂ ಧಾರಾಳವಾಗಿದ್ದರೆ ತಳದಲ್ಲಿ ಜೇಡಿ ಹುಟ್ಟುತ್ತದೆ, ಲಿಥಿಯಂ ಅದರೊಳಗೆ ಹೋಗಿ ಕೂರುತ್ತದೆ, ನೀರು ಬರಿದಾಗುತ್ತದೆ. ಜೇಡಿ ಅಷ್ಟಾಗಿ ಹುಟ್ಟದೆ, ಬರಿಯ ಜಿಪ್ಸಮ್ಮೂ ಅಡುಗೆ ಉಪ್ಪೂ ಹರಳುಗಟ್ಟುತ್ತಿದ್ದರೆ ಲಿಥಿಯಂ ನೀರಿನಲ್ಲೇ ಉಳಿಯುತ್ತದೆ. ಯಾಕೆಂದರೆ ಆ ಎರಡು ಹರಳುಗಳಲ್ಲೂ ಅದಕ್ಕೆ ಸರಿಹೊಂದುವ ಜಾಗವೇ ಇಲ್ಲ.

ಚಿಲಿಯ ಅಟಕಾಮ ಉಪ್ಪುಬಯಲು ಎರಡನೆಯ ದಾರಿ ಹಿಡಿದದ್ದು. ಸಮುದ್ರ ಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿ, ಆಂಡಿಸ್ ಜ್ವಾಲಾಮುಖಿಗಳ ಬುಡದಲ್ಲಿರುವ ಈ ಬಯಲಿನ ಉಪ್ಪಿನ ಗಡ್ಡೆಯ ರಂಧ್ರಗಳಲ್ಲಿ ನಿಂತ ನೀರು ಲೀಟರಿಗೆ 1,000 ಮಿಲಿಗ್ರಾಂಗೂ ಮೀರಿ ಲಿಥಿಯಂ ಹೊತ್ತಿದೆ. 1980ರ ದಶಕದಿಂದ ಅದನ್ನು ಮೇಲೆತ್ತಿ, ಬಿಸಿಲಿಗೆ ಕಾಯಿಸಿ, ಲಿಥಿಯಂ ತೆಗೆಯುತ್ತಿದ್ದಾರೆ. ಅಮೆರಿಕದ ನೆವಾಡದ ಸಿಲ್ವರ್ ಪೀಕ್‌ನಲ್ಲೂ 1966ರಿಂದ ಇದೇ ಬಗೆಯ ಕೆಲಸ ನಡೆದಿದೆ. ಅಲ್ಲಿ ಕ್ಲೇಟನ್ ಕಣಿವೆಯ ಹೂಳಿನಲ್ಲೂ ಲಿಥಿಯಂ, ನೀರಿನಲ್ಲೂ ಲಿಥಿಯಂ.

ಅದೇ ನೆವಾಡದ ಉತ್ತರದ ಅಂಚಿನಲ್ಲಿ, ಆರೆಗಾನ್ ಗಡಿಗೆ ತಾಗಿದಂತೆ, ಮೆಕ್‌ಡರ್ಮಿಟ್ ಎಂಬ ಹಳೆಯ ಜ್ವಾಲಾಮುಖಿ ಕುಳಿ ಇದೆ. ಸುಮಾರು 1 ಕೋಟಿ 60 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು, ನೆತ್ತಿ ಒಳಕ್ಕೆ ಕುಸಿದು ಆದ ಬಟ್ಟಲು. ಅದರಲ್ಲಿ ನೀರು ನಿಂತು ಕೆರೆಯಾಯಿತು. ಬೂದಿ ಬಿದ್ದು, ಜೇಡಿ ಕಟ್ಟಿ, ನೂರಾರು ಅಡಿ ಹೂಳು ತುಂಬಿತು. ಆಮೇಲೆ ಕೆಳಗಿನ ಕುದಿಯುವ ಶಿಲಾರಸ ಮತ್ತೆ ಉಬ್ಬಿ ಬಟ್ಟಲಿನ ನಡುಭಾಗವನ್ನೇ ಎತ್ತಿತು; ದಂಡೆ ಬಿರುಕುಬಿಟ್ಟಿತು, ತೊರೆಗಳು ಕೊರೆದವು, ಕೆರೆ ಬರಿದಾಯಿತು. ಆ ಹಳೆಯ ಉಪ್ಪುನೀರು ಈಗ ಎಲ್ಲೂ ಇಲ್ಲ. ಉಳಿದದ್ದು ಜೇಡಿ. ಹಿಂದೆ ಕೆರೆಯ ತಳವಾಗಿದ್ದದ್ದು ಈಗ ಬೆಟ್ಟದ ಇಳಿಜಾರಿನಲ್ಲಿದೆ. ಅದರ ಕೆಲವು ಪದರಗಳಲ್ಲಿ ಲಿಥಿಯಂ ಹತ್ತು ಲಕ್ಷಕ್ಕೆ ಸಾವಿರಾರು ಪಾಲು. ಥ್ಯಾಕರ್ ಪಾಸ್ ಎಂಬ ಹೆಸರಿನಲ್ಲಿ ಅಲ್ಲೀಗ ದೊಡ್ಡ ಗಣಿ ಏಳುತ್ತಿದೆ. ಆ ನೆಲ ತಮ್ಮ ಪೂರ್ವಿಕರ ಸಾವುಗಳನ್ನು ಕಂಡದ್ದೆಂದು ಹೇಳುವ ಮೂಲನಿವಾಸಿ ಪೈಯೂಟ್ ಜನರ ವಿರೋಧವೂ ಅದರ ಜತೆಗೇ ನಡೆದಿದೆ. ನೀರಿನ ಬಾಟಲಿ ಹಿಡಿದು ಬಂದ ಅನ್ವೇಷಕನಿಗೆ ಆ ಬೆಟ್ಟ ಏನನ್ನೂ ಹೇಳುತ್ತಿರಲಿಲ್ಲ.

ಹೀಗೆ ಹೂಳಿನಲ್ಲಿದ್ದು ನೀರಿನಲ್ಲಿ ಇಲ್ಲದಿರುವುದಕ್ಕೆ ಎರಡು ಬಗೆಯ ಕಾರಣ. ಜೇಡಿ ನೀರನ್ನು ಸೋಸಿ ಬರಿದು ಮಾಡಿರಬಹುದು, ಇಲ್ಲವೆ ಬಾಗಿಲು ತೆರೆದು ನೀರೇ ಹೊರಟುಹೋಗಿರಬಹುದು. ಎಷ್ಟೋ ಕಡೆ ಎರಡೂ ನಡೆದಿರುತ್ತದೆ. ಇದರಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಕಾಲದ ವಿಚಾರ. ಉಪ್ಪುನೀರು ಇವತ್ತಿನ ಸಮಾಚಾರ. ಬಯಲಿನ ಬಾಗಿಲು ಮುಚ್ಚಿರುವ ತನಕ, ಬಿಸಿಲು ಮಳೆಯನ್ನು ಮೀರಿಸುವ ತನಕ ಅದು ಇರುತ್ತದೆ. ಹವಾಮಾನ ಬದಲಾಗಿ ಒಂದೆರಡು ಸಾವಿರ ವರ್ಷ ಚೆನ್ನಾಗಿ ಮಳೆಯಾದರೆ ಅದರ ಕಥೆ ಬೇರೆ. ಹೂಳಿಗೆ ಅಂಥ ಅವಸರವಿಲ್ಲ. ನೀರಿನಲ್ಲಿ ಇಲ್ಲ ಎಂಬುದರಿಂದ ಈ ಕಣಿವೆಗೆ ಲಿಥಿಯಂ ಬಂದೇ ಇರಲಿಲ್ಲ ಎಂದು ಹೇಳಲಾಗುವುದಿಲ್ಲ. ಬಂದದ್ದನ್ನು ಯಾರು ಹಿಡಿದರು, ಯಾರು ಬಿಟ್ಟರು ಎಂದು ಕೇಳಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಇಲ್ಲಿ ಬಾಗಿಲು ಮುಚ್ಚಿದ್ದೇ ಇಲ್ಲ. ಕೊಡಚಾದ್ರಿಯ ಕಲ್ಲು ಕರಗಿ ಬರುವ ಲಿಥಿಯಂ ಎಷ್ಟೇ ಇರಲಿ, ಸೌಪರ್ಣಿಕೆ ಅದನ್ನು ಗಂಗೊಳ್ಳಿಗೆ ತಲುಪಿಸಿ ಕೈತೊಳೆದುಕೊಳ್ಳುತ್ತದೆ. ಜಗತ್ತಿನ ಹೊಳೆಗಳ ಸರಾಸರಿ ತೆಗೆದರೆ ಲೀಟರಿಗೆ 2 ಮೈಕ್ರೋಗ್ರಾಂ ಕೂಡ ಇಲ್ಲ. ಕಡಲಿನಲ್ಲಿ ಲೀಟರಿಗೆ ಸುಮಾರು 180 ಮೈಕ್ರೋಗ್ರಾಂ. ಹೊಳೆಗಿಂತ ಸುಮಾರು ನೂರು ಪಟ್ಟು ಹೆಚ್ಚು. ಒಮ್ಮೆ ಕಡಲಿಗೆ ಬಿದ್ದ ಲಿಥಿಯಂ ಅಲ್ಲಿ ಹತ್ತು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಸುತ್ತಾಡುತ್ತಿರುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಆಮೇಲೆ? ಆಮೇಲೂ ಅದೇ ಕಥೆ. ಕಡಲ ತಳದ ಹೂಳಿನಲ್ಲಿ ಹೊಸದಾಗಿ ಕಟ್ಟುವ ಜೇಡಿ, ನೀರು ತಾಗಿ ಮೆತ್ತಗಾಗುವ ಬಸಾಲ್ಟ್, ಇವು ಅದನ್ನು ಒಳಗೆ ಎಳೆದುಕೊಳ್ಳುತ್ತವೆ. ಎಲ್ಲವನ್ನೂ ಇಟ್ಟುಕೊಳ್ಳುವ ಉಗ್ರಾಣ ಎಂದು ನಾವು ಕಲ್ಪಿಸಿಕೊಂಡಿರುವ ಕಡಲು ಲಿಥಿಯಮ್ಮಿನ ಮಟ್ಟಿಗೆ ಒಂದು ದೊಡ್ಡ ತಂಗುದಾಣ, ಅಷ್ಟೇ.

ಹಾಗಿದ್ದರೆ ಕಡಲನ್ನೇ ಆರಿಸಿ ಲಿಥಿಯಂ ಮಾಡಬಾರದೇಕೆ? ಉತ್ತರ ಬೇಕಾದರೆ ಗೋಕರ್ಣದ ಬಳಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿಗೆ ಹೋಗಬೇಕು. ನಮ್ಮಲ್ಲೇ ಉಪ್ಪಿನಕುದ್ರು ಎಂಬ ಊರಿದೆ, ಈಗ ಅದರ ಹೆಸರು ಹೇಳಿದರೆ ನೆನಪಾಗುವುದು ಯಕ್ಷಗಾನ ಗೊಂಬೆಯಾಟ. ಸಾಣಿಕಟ್ಟೆಯಲ್ಲಿ ಈಗಲೂ ಬಿಸಿಲಿಗೆ ನೀರು ಹರಡಿ ಉಪ್ಪು ಎಳೆಯುತ್ತಾರೆ. ಕಡಲ ನೀರು ಹತ್ತರಲ್ಲೊಂದು ಪಾಲಿಗೆ ಇಳಿಯುವ ಹೊತ್ತಿಗೆ ಉಪ್ಪು ಹರಳುಗಟ್ಟಲು ತೊಡಗುತ್ತದೆ. ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಇರುತ್ತದೆ, ಲಿಥಿಯಮ್ಮೂ ಇರುತ್ತದೆ. ಉಪ್ಪಿನ ಹರಳು ಅದನ್ನು ಸೇರಿಸಿಕೊಳ್ಳುವುದಿಲ್ಲವಲ್ಲ. ಆದರೆ ಐವತ್ತು ಪಟ್ಟು ಸಾಂದ್ರ ಮಾಡಿದರೂ ಲೀಟರಿಗೆ 9 ಮಿಲಿಗ್ರಾಂ. ಅಟಕಾಮದ ನೀರಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಮೇಲಾಗಿ ಕಡಲಿನಲ್ಲಿ ಒಂದು ಪಾಲು ಲಿಥಿಯಮ್ಮಿಗೆ ಸುಮಾರು 7,000 ಪಾಲು ಮೆಗ್ನೀಸಿಯಂ ಇರುತ್ತದೆ. ಗಾತ್ರದಲ್ಲಿ ಹೊಂದುವ ಈ ಎರಡನ್ನು ಬೇರ್ಪಡಿಸುವುದೇ ರಸಾಯನಶಾಸ್ತ್ರಜ್ಞರಿಗೆ ತಲೆನೋವು. ಹೆದ್ದಾರಿಯಲ್ಲಿ ಹೋಗುವ ಮಧ್ಯಮ ಗಾತ್ರದ ಒಂದು ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ ಲಿಥಿಯಂ ಸುಮಾರು 8 ಕಿಲೋ ಇರುತ್ತದೆ ಎಂದುಕೊಂಡರೆ, ಅಷ್ಟಕ್ಕೆ ಒಂದು ಕಣವನ್ನೂ ಬಿಡದೆ ಸೋಸಬೇಕಾದ ಕಡಲ ನೀರು 4 ಕೋಟಿ ಲೀಟರಿಗೂ ಹೆಚ್ಚು.

ಕಡಲು ಬಡವ ಎನ್ನಲಾಗದು. ನೀರಿನಲ್ಲಿ ಕರಗಿರುವ ಲಿಥಿಯಮ್ಮಿನ ಅತಿ ದೊಡ್ಡ ದಾಸ್ತಾನು ಅದರಲ್ಲೇ ಇದೆ. ಆದರೆ ಎಲ್ಲ ಹೊಳೆಗಳಿಗೂ ದಾರಿ ಬಿಟ್ಟದ್ದರಿಂದ ಎಲ್ಲವೂ ತೆಳುವಾಗಿದೆ. ಅದಿರು ಎಂಬುದು ಎಲ್ಲೋ ಒಂದು ಕಡೆ ತಡೆದು ನಿಂತದ್ದು. ಮೊದಲು ಹೇಳಿದೆನಲ್ಲ, ಕಡಲು ಸೇರುವುದೇ ನೀರಿನ ಸಾರ್ಥಕತೆ ಎಂಬ ನಮ್ಮೂರಿನ ನಂಬಿಕೆ, ಅದನ್ನು ಲಿಥಿಯಂ ಬುಡಮೇಲು ಮಾಡುತ್ತದೆ. ಮರುಭೂಮಿ ಕಣಿವೆಗಳ ಲಿಥಿಯಂ ನಿಕ್ಷೇಪ ಅಂದರೆ ಕಡಲು ಸೇರಲಾರದೆ ಹೋದ ಹೊಳೆಗಳ ಇತಿಹಾಸ.

ಜೇಡಿ ನಮ್ಮಲ್ಲೂ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಕೆಂಪುಕಲ್ಲಿನ ಪದರದ ಕೆಳಗೆ ಬಾವಿ ತೋಡುವವರಿಗೂ ರಸ್ತೆಗೆ ಗುಡ್ಡ ಕಡಿಯುವವರಿಗೂ ಸಿಗುವ ಬಿಳಿ, ಹಳದಿ, ಗುಲಾಬಿ ಬಣ್ಣದ ಶೇಡಿಮಣ್ಣು ಅದೇ. ಮಳೆಗಾಲದಲ್ಲಿ ಗುಡ್ಡ ಜರಿಯುವುದಕ್ಕೂ ಬಹಳ ಸಲ ಅದೇ ಕಾರಣ. ಆದರೆ ಅದರ ಮುಖ್ಯ ಖನಿಜ ಕೆಯೊಲಿನೈಟ್. ಅದರಲ್ಲಿ ಮೆಗ್ನೀಸಿಯಮ್ಮಿನ ಮನೆಯೇ ಇಲ್ಲ, ಹಾಗಾಗಿ ಲಿಥಿಯಮ್ಮಿಗೆ ಕೂರಲು ಜಾಗವೂ ಕಡಿಮೆ. ಬಿಡದೆ ಸುರಿಯುವ ಮಳೆ ಮೆಗ್ನೀಸಿಯಮ್ಮನ್ನು ಮೊದಲೇ ತೊಳೆದು ಒಯ್ದಿದೆ. ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಬೀದರಿನ ಕೆಂಪುಕಲ್ಲಿನ ಪದರಗಳಲ್ಲಿ ಲಿಥಿಯಂ ಹೇಗೆ ವರ್ತಿಸುತ್ತದೆ ಎಂಬುದನ್ನು ಅದರ ಎರಡು ಐಸೊಟೋಪುಗಳ ಮೂಲಕ ಅಳೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಗಿದೆ. ಲಿಥಿಯಮ್ಮಿನಲ್ಲಿ 6 ಮತ್ತು 7 ತೂಕದ ಎರಡು ಬಗೆ; ನೂರಕ್ಕೆ ತೊಂಬತ್ತೆರಡಕ್ಕೂ ಹೆಚ್ಚು 7ರದು. ಜೇಡಿ ಕಟ್ಟುವಾಗ ಹಗುರದ್ದನ್ನು ತುಸು ಹೆಚ್ಚು ಇಷ್ಟಪಟ್ಟು ಹಿಡಿಯುತ್ತದೆ, ಭಾರದ್ದು ನೀರಿನ ಪಾಲಾಗುತ್ತದೆ. ಕಡಲಿನ ಲಿಥಿಯಂ ಬೆಟ್ಟದ ಕಲ್ಲಿನದಕ್ಕಿಂತ ಭಾರವಾಗಿರುವುದು ಹೀಗಾಗಿಯೇ. ಅಂದರೆ ಮರವಂತೆಯ ಕಡಲಿನ ಒಂದು ಚೊಂಬು ನೀರಿನಲ್ಲಿ, ಎಲ್ಲೋ ಯಾವುದೋ ಮಣ್ಣು ಏನನ್ನು ಹಿಡಿದಿಟ್ಟುಕೊಂಡಿತು ಎಂಬುದರ ಗುರುತೂ ಇದೆ. ಆರೂವರೆ ಕೋಟಿ ವರ್ಷಗಳ ಕಡಲಿನ ಈ ಗುರುತನ್ನು ಚಿಪ್ಪುಜೀವಿಗಳ ಪಳೆಯುಳಿಕೆಗಳಲ್ಲಿ ಓದಿ, ಹಿಮಾಲಯದಂಥ ಪರ್ವತಗಳು ಎದ್ದ ಕಾಲದ ಕಲ್ಲು ಕರಗುವಿಕೆಯನ್ನು ಊಹಿಸಿದವರಿದ್ದಾರೆ. ಇಲ್ಲದ್ದನ್ನು ನೋಡಿ ಇರುವುದನ್ನು ತಿಳಿಯುವ ಈ ವಿದ್ಯೆ ನನಗೆ ಗಣಿಗಾರಿಕೆಗಿಂತ ಎಷ್ಟೋ ಹೆಚ್ಚು ರುಚಿಸುತ್ತದೆ.

ಇಲ್ಲಿಂದ ಮನಸ್ಸು ಮನುಷ್ಯರ ಕಡೆಗೆ ಜಾರದೆ ಇರುವುದಿಲ್ಲ. ನಮ್ಮ ಕುಂದಾಪುರ–ಬೈಂದೂರು ಸೀಮೆ ಜನರನ್ನು ಹೊರಗೆ ಕಳಿಸಿದ ಸೀಮೆ. ಮುಂಬಯಿಯ ಹೋಟೆಲುಗಳಿಗೆ, ಬೆಂಗಳೂರಿನ ದರ್ಶಿನಿಗಳಿಗೆ, ಕೊಲ್ಲಿಯ ದೇಶಗಳಿಗೆ. ಮನೆಮನೆಗೆ ಬರುವ ಗಣತಿಯವರು ಕೆಲವು ಮನೆಗಳಲ್ಲಿ ಎಣಿಸುವುದು ಒಬ್ಬ ಅಜ್ಜಿಯನ್ನು, ಕೆಲವು ಮನೆಗಳಲ್ಲಿ ಬೀಗವನ್ನು. ಮಕ್ಕಳಿಲ್ಲದೆ ಶಾಲೆ ಮುಚ್ಚುತ್ತದೆ. ಹರಿಯುವುದನ್ನು ಮಾತ್ರ ಅಳೆದರೆ ಊರು ಖಾಲಿ. ನಾಗರ ಪಂಚಮಿಯ ಹೊತ್ತಿಗೆ ಬಂದು ನೋಡಿದರೆ, ಮೂರು ತಲೆಮಾರಿನಿಂದ ಮುಂಬಯಿಯಲ್ಲೇ ಇರುವವರು ಮೂಲನಾಗನ ಬನ ಹುಡುಕಿಕೊಂಡು ಬಂದಿರುತ್ತಾರೆ. ಕನ್ನಡ ಓದಲು ಬಾರದ ಹುಡುಗನಿಗೂ ತನ್ನ ಮನೆತನದ ಬನ ಯಾವ ಹಾಡಿಯೊಳಗಿದೆ ಎಂಬುದು ಗೊತ್ತಿರುತ್ತದೆ. ಸಂಬಳ, ಮತ, ಪಡಿತರ ಚೀಟಿ ಎಲ್ಲ ಬೇರೆ ಕಡೆಗೆ ಹರಿದುಹೋಗಿವೆ; ಬನದ ಕಲ್ಲಿನ ಜತೆಗಿರುವ ಹೆಸರು ಹೋಗಿಲ್ಲ. ಊರಿಗೂ ಎರಡು ಬಗೆಯ ಅಂಟು ಇದೆ ಎಂದು ನನಗೆ ತೋರುತ್ತದೆ. ಕೆಲಸ, ಅಂಗಡಿ, ಗೆಳೆತನ ಇವು ಹೊರಮೈಯವು, ನಾಲ್ಕು ಮಳೆಗಾಲ ಬೇರೆ ಊರಲ್ಲಿ ಕಳೆದರೆ ತೊಳೆದುಹೋಗುತ್ತವೆ. ಕಟ್ಟೋಣದೊಳಗೇ ಸೇರಿದ್ದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಜೇಡಿಯಿಂದ ಲಿಥಿಯಂ ತಾನಾಗಿ ವರ್ಷಕ್ಕೊಮ್ಮೆ ಹೊರಬಂದು ಹೋಗುವುದಿಲ್ಲ. ಅದನ್ನು ತೆಗೆಯಲು ಆಮ್ಲ ಸುರಿಯಬೇಕು. ಹಿಡಿತ ಗಟ್ಟಿಯಾದಷ್ಟೂ ಬಿಡಿಸುವ ಖರ್ಚು ಹೆಚ್ಚು. ಉಪ್ಪುನೀರಿನ ಗಣಿಗೆ ಬಿಸಿಲು ಪುಕ್ಕಟೆ, ಆದರೆ ಬರಡು ಸೀಮೆಯ ನೀರು ಆವಿಯಾಗಿ ಹೋಗುವುದು ಪುಕ್ಕಟೆಯಲ್ಲ. ಅಟಕಾಮದ ಸುತ್ತಿನ ಹಳ್ಳಿಗಳ ದೂರು ಅದೇ. ಜೇಡಿಯ ಗಣಿಗೆ ಅಗೆದ ಗುಡ್ಡ, ಆಮ್ಲ, ಉಳಿಯುವ ಕೆಸರಿನ ರಾಶಿ. ಯಾವುದೂ ಹಸಿರಲ್ಲ. ಹೊಗೆಯಿಲ್ಲದ ಕಾರಿನ ಜಾಹೀರಾತಿನಲ್ಲಿ ಇದು ಕಾಣದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ದೇಶದಲ್ಲಿ ಹೂಳು ಜಾತಿಯ ಲಿಥಿಯಮ್ಮಿಗೆ ಹತ್ತಿರದ ಉದಾಹರಣೆ ಜಮ್ಮುವಿನ ರಿಯಾಸಿ. 2023ರ ಫೆಬ್ರವರಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅಲ್ಲಿಯ ಸಲಾಲ್–ಹೈಮನಾ ಪ್ರದೇಶದಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರು ಇದೆಯೆಂದು ಅಂದಾಜಿಸಿತು. ಅದು ಇರುವುದು ಬಾಕ್ಸೈಟಿನ ಜತೆಗಿನ ಜೇಡಿಯಂಥ ಪದರದಲ್ಲಿ. ನೀರಿನಲ್ಲೂ ಅಲ್ಲ, ಮಂಡ್ಯದಂತೆ ಪೆಗ್ಮಟೈಟಿನಲ್ಲೂ ಅಲ್ಲ. 59 ಲಕ್ಷ ಎಂಬ ಸಂಖ್ಯೆಗೆ ದೇಶವೇ ಹುಬ್ಬೇರಿಸಿತು. ಆದರೆ ಹರಾಜು ಕರೆದಾಗ ಸಾಕಷ್ಟು ಬಿಡ್ಡುದಾರರು ಬರದೆ 2024ರಲ್ಲಿ ಅದನ್ನು ರದ್ದು ಮಾಡಬೇಕಾಯಿತು. ಲಿಥಿಯಂ ಇರುವುದಕ್ಕೂ ಅದು ಕೈಗೆ ಬರುವುದಕ್ಕೂ ನಡುವಿನ ದೂರವನ್ನು ಉದ್ಯಮಿಗಳು ಪತ್ರಿಕೆಯವರಿಗಿಂತ ಚೆನ್ನಾಗಿ ಅಳೆದಿದ್ದರು.

ಕಡಲು ಸೇರದ ಹೊಳೆಗಳ ನಿಜವಾದ ಸೀಮೆ ನಮ್ಮಲ್ಲಿ ರಾಜಸ್ಥಾನ. ಸಾಂಭರಿಗೆ ಬರುವ ತೊರೆಗಳು ಅಲ್ಲೇ ಇಂಗಿ ಆರುತ್ತವೆ. ಲೂನಿ ಹೊಳೆ ಕಛ್ ರಣ್‌ನ ಉಪ್ಪು ಬಯಲಿನಲ್ಲಿ ಮುಗಿದುಹೋಗುತ್ತದೆ. ಪಚ್‌ಪದ್ರಾ ಇರುವ ಬಾಡಮೇರ್ ಕಡೆಯಲ್ಲಿ ರಯೊಲೈಟ್ ಕೂಡ ಇದೆ. ಮಲಾನಿ ಶಿಲಾಸಮೂಹ ಎಂದು ಅದಕ್ಕೆ ಹೆಸರು. ಬಿಸಿಲು, ತಗ್ಗು, ರಯೊಲೈಟ್ ಎಲ್ಲ ಸೇರಿದ್ದರಿಂದ ಆಸೆ ಹುಟ್ಟುವುದು ಸಹಜ. ಆದರೆ ಮಲಾನಿಯ ಕಲ್ಲಿಗೆ 75 ಕೋಟಿ ವರ್ಷದ ಸುಮಾರಿನ ವಯಸ್ಸು. ಅದು ಎಂದೋ ಹರಳುಗಟ್ಟಿದ ಕಲ್ಲು, ಬಿಸಿನೀರು ಮುಟ್ಟಿದರೆ ಕಕ್ಕುವ ಹೊಸ ಗಾಜಲ್ಲ. ಅಲ್ಲಿ ನೀರು ತೆಗೆದು ನೋಡುವುದು ಅಗ್ಗದ ಕೆಲಸ, ಹಾಗಾಗಿ ಮೊದಲು ಅದೇ ನಡೆಯುತ್ತದೆ. ನೀರಿನಲ್ಲಿ ಸಿಕ್ಕದಿದ್ದರೆ ಕಡತ ಮುಚ್ಚುವ ಮೊದಲು ಒಂದು ಕೊಳವೆ ಇಳಿಸಿ ತಳದ ಜೇಡಿಯನ್ನೂ ಮೇಲೆತ್ತಬೇಕು. ಅದರಲ್ಲಿ ಮೆಗ್ನೀಸಿಯಂ ಎಷ್ಟಿದೆ, ಜೇಡಿ ಆ ಕೆರೆಯಲ್ಲೇ ಕಟ್ಟಿದ್ದೋ ಹೊರಗಿನಿಂದ ತೊರೆ ತಂದು ಹಾಕಿದ್ದೋ ಎಂದು ನೋಡಬೇಕು. ಹೊರಗಿನಿಂದ ಬಂದದ್ದಾದರೆ ಆಸೆ ಬಿಡಬಹುದು. ಅಲ್ಲೇ ಕಟ್ಟಿದ್ದಾದರೆ ಇನ್ನೂ ಹತ್ತು ಕೊಳವೆ ಇಳಿಸುವುದು ದುಂದಲ್ಲ.